ಕೋಲಾರದ ಕೆರೆಗೆ ಎಷ್ಟು ಹೆಸರು: ವಿದ್ಯಾರ್ಥಿ ಸಂಶೋಧನೆಯಲ್ಲಿ ಶೋಧಯಂತ್ರಗಳು ಮತ್ತು ಗ್ರಂಥಾಲಯದ ಡೇಟಾಬೇಸ್‌ಗಳು

ಸಂಶೋಧನೆಗೆ ಆಧಾರವಾಗುವ ಬರಹಗಳನ್ನು ಹುಡುಕಲು ವಿದ್ಯಾರ್ಥಿಯ ಕೈಯಲ್ಲಿ ಇಂದು ಎರಡು ಬಗೆಯ ಸಾಧನಗಳಿವೆ. ಮೊದಲನೆಯದು ಶೋಧಯಂತ್ರ. ಅಂತರ್ಜಾಲದಲ್ಲಿ ಕೈಗೆಟುಕುವ ಪ್ರಬಂಧ, ಪುಸ್ತಕ, ವರದಿಗಳನ್ನು ಯಂತ್ರವೇ ಓದಿ ಪದಪದಕ್ಕೂ ಸೂಚಿ ಮಾಡಿಟ್ಟುಕೊಳ್ಳುತ್ತದೆ. ಗೂಗಲ್ ಸ್ಕಾಲರ್ ಈ ಬಗೆಯದು. ಎರಡನೆಯದು ಗ್ರಂಥಾಲಯಗಳು ಚಂದಾ ಕಟ್ಟಿಯೋ ಉಚಿತವಾಗಿಯೋ ಒದಗಿಸುವ ಡೇಟಾಬೇಸ್. ಯಾವ ನಿಯತಕಾಲಿಕವನ್ನು ಸೇರಿಸಬೇಕು, ಯಾವುದನ್ನು ಕೈಬಿಡಬೇಕು ಎಂಬುದು ಇಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ; ಪ್ರತಿ ಲೇಖನಕ್ಕೂ ಲೇಖಕ, ವರ್ಷ, ಸಾರಾಂಶ, ವಿಷಯ ಎಂದು ಬೇರೆಬೇರೆ ಮನೆಗಳಿರುತ್ತವೆ. ವೈದ್ಯಕೀಯಕ್ಕೆ ಪಬ್‌ಮೆಡ್, ಶಿಕ್ಷಣಶಾಸ್ತ್ರಕ್ಕೆ ಎರಿಕ್, ಮಾನವಿಕ ವಿಷಯಗಳ ಹಳೆಯ ಸಂಚಿಕೆಗಳಿಗೆ ಜೆಸ್ಟೋರ್, ಹಲವು ಶಾಸ್ತ್ರಗಳನ್ನು ಒಟ್ಟಿಗೆ ನೋಡಲು ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್. ನೋಡಲು ಎರಡು ಬಗೆಗಳೂ ಒಂದೇ ಥರ: ಒಂದು ಖಾಲಿ ಪೆಟ್ಟಿಗೆ, ಪಕ್ಕದಲ್ಲೊಂದು ಗುಂಡಿ. ಒಳಗಿನ ಕೆಲಸ ಬೇರೆಯಾದ್ದರಿಂದ ಸಿಗುವ ಫಲವೂ ಬೇರೆ. ಒಂದು ಮಾತಿನಲ್ಲಿ ಮಾತ್ರ ಎರಡೂ ಬಹುಮಟ್ಟಿಗೆ ಸಮ. ಹುಡುಕುವವರ ಮನಸ್ಸಿನಲ್ಲಿರುವ ವಿಷಯ ಅವಕ್ಕೆ ಕಾಣುವುದಿಲ್ಲ, ಅವರು ಬರೆದ ಪದ ಕಾಣುತ್ತದೆ.

ಕೋಲಾರ ಜಿಲ್ಲೆಯ ಕೆರೆಗಳ ಮೇಲೆ ಸ್ನಾತಕೋತ್ತರ ಕಿರುಪ್ರಬಂಧ ಬರೆಯಹೊರಟ ವಿದ್ಯಾರ್ಥಿಯೊಬ್ಬಳನ್ನು ನೆನೆದುಕೊಂಡರೆ ಇದು ಸ್ಪಷ್ಟವಾಗುತ್ತದೆ. ಸಾಮಾನ್ಯ ಶೋಧದಲ್ಲಿ 'ಟ್ಯಾಂಕ್' ಎಂದು ಕೇಳಿದರೆ ತಾರಸಿಯ ಮೇಲಿನ ಪ್ಲಾಸ್ಟಿಕ್ ತೊಟ್ಟಿಯೂ ಸೇನೆಯ ರಣವಾಹನವೂ ಬರುತ್ತವೆ. ಆದರೂ ಆ ಪದವನ್ನು ಬಿಡುವಂತಿಲ್ಲ. ದಕ್ಷಿಣ ಭಾರತದ ಕೆರೆಯನ್ನು ಇಂಗ್ಲಿಷಿನಲ್ಲಿ ಬ್ರಿಟಿಷರ ಕಾಲದಿಂದಲೂ ಹಾಗೆಯೇ ಕರೆಯಲಾಗಿದೆ. ಅದೇ ಕೆರೆ ಪರಿಸರ ವಿಜ್ಞಾನಿಯ ಬರಹದಲ್ಲಿ 'ಲೇಕ್' ಅಥವಾ 'ವೆಟ್‌ಲ್ಯಾಂಡ್' ಆಗುತ್ತದೆ, ಎಂಜಿನಿಯರ್ ಬರಹದಲ್ಲಿ 'ಮೈನರ್ ಇರಿಗೇಶನ್' ಅಡಿಯಲ್ಲಿ ಸೇರುತ್ತದೆ, ಅರ್ಥಶಾಸ್ತ್ರಜ್ಞರ ಬರಹದಲ್ಲಿ 'ಕಾಮನ್ ಪ್ರಾಪರ್ಟಿ' ಎನಿಸಿಕೊಳ್ಳುತ್ತದೆ. ತಮಿಳುನಾಡಿನ ಅಧ್ಯಯನಗಳಲ್ಲಿ 'ಏರಿ', ತೆಲುಗು ನಾಡಿನಲ್ಲಿ 'ಚೆರುವು', ಶ್ರೀಲಂಕಾದಲ್ಲಿ 'ವೆವ'. ಶಾಸನಗಳಿಗೆ ಇಳಿದರೆ 'ತಟಾಕ', ಕೆರೆಯ ನಿರ್ವಹಣೆಗೆಂದು ಕೊಟ್ಟ ದತ್ತಿಯನ್ನು ಹೇಳುವ 'ಬಿತ್ತುವಟ್ಟ', 'ಕೆರೆಗೊಡಗೆ'. ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾದ ಮೇಲೆ ಬಂದ ಬರಹಗಳಲ್ಲಿ 'ಅಂತರ್ಜಲ ಮರುಪೂರಣ', 'ತ್ಯಾಜ್ಯನೀರಿನ ಮರುಬಳಕೆ' ಎಂಬ ಮಾತುಗಳು ಮುಂದೆ ನಿಂತು ಕೆರೆ ಎಂಬ ಪದ ಹಿಂದೆ ಸರಿದಿದೆ. ಒಂದೇ ಪದ ಹಾಕಿ 'ನನ್ನ ವಿಷಯದ ಮೇಲೆ ಏನೂ ಬರೆದಿಲ್ಲ' ಎಂದು ಮಾರ್ಗದರ್ಶಕರಿಗೆ ಹೇಳುವ ವಿದ್ಯಾರ್ಥಿಗೆ ಸಾಮಾನ್ಯವಾಗಿ ಕೊರತೆಯಾಗಿರುವುದು ಬರಹವಲ್ಲ, ಹೆಸರುಗಳು.

ಈ ತೊಡಕು ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ ಸೇನಾ ವೈದ್ಯ ಜಾನ್ ಶಾ ಬಿಲ್ಲಿಂಗ್ಸ್ 1879ರಲ್ಲಿ 'ಇಂಡೆಕ್ಸ್ ಮೆಡಿಕಸ್' ಆರಂಭಿಸಿದಾಗ ಜಗತ್ತಿನ ವೈದ್ಯಕೀಯ ಲೇಖನಗಳನ್ನು ವಿಷಯವಾರು ಜೋಡಿಸುವುದೇ ಅದರ ಕೆಲಸವಾಗಿತ್ತು. ಅದರ ವಂಶದಲ್ಲೇ ಬಂದದ್ದು ಪಬ್‌ಮೆಡ್. 1996ರಲ್ಲಿ ಹುಟ್ಟಿ, ಮರುವರ್ಷ ಎಲ್ಲರಿಗೂ ಉಚಿತವಾದ ಅದರಲ್ಲಿ ಇಂದು 3.5 ಕೋಟಿಗೂ ಹೆಚ್ಚು ನಮೂದುಗಳಿವೆ. ಅದರ ನಿಜವಾದ ಬಲ ಸಂಖ್ಯೆಯಲ್ಲಿಲ್ಲ, 'ಮೆಶ್' ಎಂಬ ವಿಷಯಪದಗಳ ಕಟ್ಟಿನಲ್ಲಿದೆ. ಲೇಖಕರು ಯಾವ ಪದ ಬಳಸಿದ್ದರೂ ಒಂದು ಕಾಯಿಲೆಗೆ ಒಂದೇ ಅಧಿಕೃತ ಹೆಸರು ಅಂಟಿಸುವ ಈ ಪದ್ಧತಿಯಿಂದಾಗಿ 'ಹಾರ್ಟ್ ಅಟ್ಯಾಕ್' ಎಂದು ಹುಡುಕಿದವರಿಗೆ 'ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್' ಎಂದು ಬರೆದ ಲೇಖನಗಳೂ ಸಿಗುತ್ತವೆ. ಹೀಗೆ ಹೆಸರು ಹೊಂದಿಸುವ ಕೆಲಸವನ್ನು ಗ್ರಂಥಾಲಯದವರು ಮುಂಚಿತವಾಗಿ ಮಾಡಿಟ್ಟಿರುವ ಕ್ಷೇತ್ರಗಳಲ್ಲಿ ವಿದ್ಯಾರ್ಥಿಯ ಶ್ರಮ ಬಹಳ ಕಡಿಮೆ. ಕೆರೆಯಂಥ ವಿಷಯ ಹತ್ತು ಶಾಸ್ತ್ರಗಳಲ್ಲಿ ಹಂಚಿಹೋಗಿದೆ, ಅದಕ್ಕೆ ಅಂಥ ಒಂದೇ ಕಟ್ಟು ಇಲ್ಲ.

ಅಲ್ಲಿ ನೆರವಿಗೆ ಬರುವುದು ಎಸ್. ಆರ್. ರಂಗನಾಥನ್ ಅವರ ವಿಚಾರ. 1933ರಲ್ಲಿ 'ಕೋಲನ್ ವರ್ಗೀಕರಣ' ಪ್ರಕಟಿಸಿದ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಇಲ್ಲಿಯೇ ದಸ್ತಾವೇಜು ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದ ಅವರು, ಯಾವುದೇ ವಿಷಯವನ್ನು ಐದು ಮುಖಗಳಾಗಿ ಬಿಡಿಸಬಹುದು ಎಂದರು: ಮುಖ್ಯ ವಸ್ತು, ದ್ರವ್ಯ, ಕ್ರಿಯೆ, ದೇಶ, ಕಾಲ. ಪುಸ್ತಕಗಳನ್ನು ಕಪಾಟಿನಲ್ಲಿ ಜೋಡಿಸಲು ಹುಟ್ಟಿದ ಈ ವಿಂಗಡಣೆ ಡೇಟಾಬೇಸಿನ ಮುಂದೆ ಕೂತವರಿಗೂ ಅಷ್ಟೇ ಉಪಯುಕ್ತ, ಅದನ್ನು ಪದವಿ ತರಗತಿಯಲ್ಲೇ ಕಲಿಸಬೇಕು. ಮುಖ್ಯ ವಸ್ತು ಕೆರೆ, ದ್ರವ್ಯ ನೀರು ಅಥವಾ ಹೂಳು, ಕ್ರಿಯೆ ಹೂಳೆತ್ತುವುದು, ಒತ್ತುವರಿ, ನೀರು ಹಂಚುವುದು, ದೇಶ ಕೋಲಾರ, ಕಾಲ ಸ್ವಾತಂತ್ರ್ಯಾನಂತರ. ಪ್ರತಿ ಮುಖಕ್ಕೂ ಒಂದು ಕಂಬಸಾಲು ಎಳೆದು, ಅದರ ಕೆಳಗೆ ಗೊತ್ತಿರುವ ಎಲ್ಲ ಹೆಸರುಗಳನ್ನು ಬರೆದುಕೊಂಡರೆ ಅರ್ಧ ಹುಡುಕಾಟ ಕಾಗದದ ಮೇಲೇ ಮುಗಿದಂತೆ.

ಉಳಿದರ್ಧ ಆ ಹೆಸರುಗಳನ್ನು ಯಂತ್ರಕ್ಕೆ ತಿಳಿಯುವಂತೆ ಪೋಣಿಸುವುದು. ಇಲ್ಲಿ ಕೆಲಸ ಮಾಡುವ ತರ್ಕ 19ನೆಯ ಶತಮಾನದ ಗಣಿತಜ್ಞ ಜಾರ್ಜ್ ಬೂಲ್ ಅವರದು. ಒಂದೇ ಸಾಲಿನ ಪರ್ಯಾಯ ಪದಗಳ ನಡುವೆ 'ಆರ್' ಬರೆದರೆ ಫಲಿತಾಂಶ ಹಿಗ್ಗುತ್ತದೆ; ಬೇರೆ ಸಾಲುಗಳ ನಡುವೆ 'ಆಂಡ್' ಬರೆದರೆ ಕುಗ್ಗುತ್ತದೆ; 'ನಾಟ್' ಬೇಡದ್ದನ್ನು ತೆಗೆಯುತ್ತದೆ, ಬೇಕಾದದ್ದನ್ನೂ ತೆಗೆದುಬಿಡುವ ಅಪಾಯವಿರುವುದರಿಂದ ಅದನ್ನು ಕಡಿಮೆ ಬಳಸುವುದು ಕ್ಷೇಮ. ಎರಡು ಮೂರು ಪದಗಳು ಅದೇ ಕ್ರಮದಲ್ಲಿ ಬೇಕಿದ್ದರೆ ಉದ್ಧರಣ ಚಿಹ್ನೆ. ಹಲವು ಡೇಟಾಬೇಸ್‌ಗಳಲ್ಲಿ ಪದದ ಬುಡ ಬರೆದು ನಕ್ಷತ್ರ ಚಿಹ್ನೆ ಹಾಕಿದರೆ ಅದರ ಎಲ್ಲ ರೂಪಗಳೂ ಬರುತ್ತವೆ. ಮೊದಲ ಸಲ ಹಾಕಿದ ಶೋಧವಾಕ್ಯವೇ ಕೊನೆಯದಾಗುವುದು ಅಪರೂಪ. ಮೊದಲ ಹತ್ತು ಲೇಖನಗಳ ಸಾರಾಂಶ ಓದಿ, ಅಲ್ಲಿ ಕಂಡ ಹೊಸ ಪದಗಳನ್ನು ಪಟ್ಟಿಗೆ ಸೇರಿಸಿ ಮತ್ತೆ ಹುಡುಕುವುದೇ ಅನುಭವಿಗಳ ರೂಢಿ.

ಪದಗಳನ್ನು ದಾಟಿ ಹೋಗುವ ಒಂದು ದಾರಿಯೂ ಇದೆ. ಅಮೆರಿಕದ ವಕೀಲರು 1870ರ ದಶಕದಿಂದಲೇ ಒಂದು ತೀರ್ಪನ್ನು ಮುಂದಿನ ಯಾವ ತೀರ್ಪುಗಳು ಉಲ್ಲೇಖಿಸಿವೆ ಎಂಬುದರ ಸೂಚಿ ಇಟ್ಟುಕೊಳ್ಳುತ್ತಿದ್ದರು. ಅದನ್ನು ವಿಜ್ಞಾನಕ್ಕೆ ಅನ್ವಯಿಸಬಹುದೆಂದು ಯುಜೀನ್ ಗಾರ್ಫೀಲ್ಡ್ 1955ರಲ್ಲಿ ಬರೆದರು. 1964ರಲ್ಲಿ 'ಸೈನ್ಸ್ ಸೈಟೇಶನ್ ಇಂಡೆಕ್ಸ್' ಹೊರತಂದರು. ಇಂದಿನ ವೆಬ್ ಆಫ್ ಸೈನ್ಸ್ ಅದರ ಮುಂದುವರಿಕೆ. ಒಂದು ಒಳ್ಳೆಯ ಪ್ರಬಂಧ ಕೈಗೆ ಸಿಕ್ಕರೆ ಅದರ ಕೊನೆಯ ಆಧಾರಪಟ್ಟಿಯಿಂದ ಹಿಂದಕ್ಕೆ ಹೋಗಬಹುದು, ಅದನ್ನು ಉಲ್ಲೇಖಿಸಿದವರ ಪಟ್ಟಿಯಿಂದ ಮುಂದಕ್ಕೂ ಹೋಗಬಹುದು. ಲೇಖಕರು 'ಟ್ಯಾಂಕ್' ಎನ್ನಲಿ, 'ವೆಟ್‌ಲ್ಯಾಂಡ್' ಎನ್ನಲಿ, ಪರಸ್ಪರ ಓದಿಕೊಂಡಿದ್ದರೆ ಈ ಸರಪಳಿಯಲ್ಲಿ ಸಿಕ್ಕೇ ಸಿಗುತ್ತಾರೆ. ಹೆಸರುಗಳ ತೊಡಕಿಗೆ ಇದಕ್ಕಿಂತ ಒಳ್ಳೆಯ ಪರಿಹಾರ ಇಲ್ಲ. ಒಬ್ಬರನ್ನೊಬ್ಬರು ಓದದ ಎರಡು ಪಂಗಡಗಳ ನಡುವೆ ಮಾತ್ರ ಇದೂ ಸೇತುವೆಯಾಗದು. ಶಾಸನತಜ್ಞರ ಕೆರೆಗೂ ಎಂಜಿನಿಯರುಗಳ ಕೆರೆಗೂ ನಡುವೆ ಇರುವುದು ಅಂಥ ಅಂತರ.

ಉಲ್ಲೇಖದ ಸರಪಳಿಯನ್ನು ಸಾಮಾನ್ಯ ವಿದ್ಯಾರ್ಥಿಯ ಕೈಗೆ ಬಿಟ್ಟಿಯಾಗಿ ತಂದದ್ದು ಗೂಗಲ್ ಸ್ಕಾಲರ್. ಖರಗಪುರದ ಐಐಟಿಯಲ್ಲಿ ಓದಿದ ಅನುರಾಗ್ ಆಚಾರ್ಯ ಮತ್ತು ಅಲೆಕ್ಸ್ ವರ್ಸ್ಟಾಕ್ ಕಟ್ಟಿದ ಇದು 2004ರ ನವೆಂಬರಿನಲ್ಲಿ ಬಳಕೆಗೆ ಬಂತು. ಅದೇ ವರ್ಷ ಸ್ಕೋಪಸ್ ಕೂಡ ಬಂದರೂ ಅದಕ್ಕೆ ಗ್ರಂಥಾಲಯದ ಚಂದಾ ಬೇಕು. ಸ್ಕಾಲರ್ ಸಾರಾಂಶಕ್ಕೆ ನಿಲ್ಲದೆ ಪ್ರಬಂಧದ ಒಳಪಠ್ಯವನ್ನೂ ಓದುತ್ತದೆ. ಪುಸ್ತಕ, ಮಹಾಪ್ರಬಂಧ, ಕೋರ್ಟಿನ ತೀರ್ಪುಗಳನ್ನೂ ಒಳಗೊಳ್ಳುತ್ತದೆ. ಪ್ರತಿ ಫಲಿತಾಂಶದ ಕೆಳಗೆ ಅದನ್ನು ಉಲ್ಲೇಖಿಸಿದವರ ಪಟ್ಟಿ, ಸಂಬಂಧಿತ ಲೇಖನಗಳು, ಬೇರೆ ಕಡೆ ಇರುವ ಪ್ರತಿಗಳ ಕೊಂಡಿ ಕೊಡುತ್ತದೆ. ಕಡೆಯ ಆ ಕೊಂಡಿಯನ್ನು ಬಹಳ ಜನ ಒತ್ತುವುದೇ ಇಲ್ಲ. ಪ್ರಕಾಶಕರ ತಾಣದಲ್ಲಿ ದುಡ್ಡು ಕೇಳುವ ಲೇಖನದ ಉಚಿತ ಪ್ರತಿ ಅಲ್ಲಿ ಸಿಗುವುದುಂಟು.

ಅದರ ಮಿತಿಗಳೂ ಇಷ್ಟೇ ಸ್ಪಷ್ಟ. ಯಾವ ನಿಯತಕಾಲಿಕಗಳನ್ನು ಸೂಚಿಗೆ ಸೇರಿಸಿದೆ ಎಂಬ ಪಟ್ಟಿಯನ್ನು ಗೂಗಲ್ ಬಹಿರಂಗಪಡಿಸಿಲ್ಲ. ಲಕ್ಷ ಫಲಿತಾಂಶ ಇವೆ ಎಂದು ತೋರಿಸಿದರೂ ಮೊದಲ 1000ಕ್ಕಿಂತ ಮುಂದೆ ನೋಡಲು ಬಿಡುವುದಿಲ್ಲ. ಉಲ್ಲೇಖಗಳ ಸಂಖ್ಯೆಗೆ ತೂಕ ಕೊಡುವುದರಿಂದ ಹಳೆಯ, ಹೆಸರಾದ ಲೇಖನಗಳು ಮೇಲೆ ಕೂರುತ್ತವೆ; ಕಳೆದ ವರ್ಷ ಕೋಲಾರದ ಬಗ್ಗೆ ಬಂದ ಚಿಕ್ಕ ಲೇಖನ ಹತ್ತನೆಯ ಪುಟಕ್ಕೆ ಇಳಿದಿರಬಹುದು. ಎಡಗಡೆಯ ವರ್ಷದ ಮಿತಿಯನ್ನು ಬಳಸಿದರೆ ಈ ಅನ್ಯಾಯ ಕಡಿಮೆಯಾಗುತ್ತದೆ. ಉಲ್ಲೇಖ ನಕಲಿಸುವ ಗುಂಡಿ ಕೊಡುವ ವಿವರದಲ್ಲಿ ತಪ್ಪುಗಳಿರುವುದು ಸಾಮಾನ್ಯ. ಲೇಖಕರ ಹೆಸರು, ಸಂಪುಟ, ಪುಟ ಮೂರನ್ನೂ ಮೂಲದೊಂದಿಗೆ ಹೋಲಿಸಲೇಬೇಕು. ಆರಂಭಕ್ಕೆ ಸ್ಕಾಲರ್, ಆಳಕ್ಕೆ ವಿಷಯದ ಡೇಟಾಬೇಸ್ ಎಂಬುದು ಸರಿಯಾದ ಕ್ರಮ. ಸಾಹಿತ್ಯ ಸಮೀಕ್ಷೆಯ ಅಧ್ಯಾಯವನ್ನು ಸ್ಕಾಲರ್ ಒಂದರಿಂದಲೇ ಬರೆದರೆ ಅದು ನಿಲ್ಲುವುದಿಲ್ಲ.

ಹುಡುಕಿದ್ದು ಸಿಕ್ಕಿದ ಮೇಲೆ ಓದಲು ಸಿಗಬೇಕಲ್ಲ. ಭಾರತದಲ್ಲಿ ಈ ಹೊಣೆಯನ್ನು ಮುಖ್ಯವಾಗಿ ಹೊತ್ತಿರುವುದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಅಂಗವಾಗಿ 1991ರಲ್ಲಿ ಆರಂಭವಾಗಿ ಈಗ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್. ಪದವಿ ಕಾಲೇಜುಗಳಿಗೆ ಇ-ಪತ್ರಿಕೆ, ಇ-ಪುಸ್ತಕಗಳನ್ನು ಒದಗಿಸಿದ 'ಎನ್-ಲಿಸ್ಟ್' ಅದರದೇ ಯೋಜನೆ. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ 'ಒಂದು ದೇಶ ಒಂದು ಚಂದಾ' ಯೋಜನೆ ಇದಕ್ಕಿಂತ ಬಹಳ ದೊಡ್ಡದು: ಮೂರು ವರ್ಷಕ್ಕೆ 6000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು, ಕೇಂದ್ರ ಮತ್ತು ರಾಜ್ಯ ಸರ್ಕಾರಗಳ 6300ರಷ್ಟು ಸಂಸ್ಥೆಗಳು. ಸಣ್ಣ ಊರಿನ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೆ ದೊಡ್ಡ ಸಂಸ್ಥೆಯ ವಿದ್ಯಾರ್ಥಿ ಓದುವ ಪತ್ರಿಕೆಯೇ ಸಿಗಬೇಕೆಂಬ ಆಶಯ ತುಂಬ ದೊಡ್ಡದು, ನ್ಯಾಯವಾದದ್ದು. ಖಾಸಗಿ ಕಾಲೇಜುಗಳು ಮೊದಲ ಹಂತದಲ್ಲಿ ಹೊರಗುಳಿದವು ಎಂಬುದು ಅದರ ಕೊರತೆ. ಕರ್ನಾಟಕದಂತೆ ಖಾಸಗಿ ಕಾಲೇಜುಗಳು ತುಂಬಿರುವ ರಾಜ್ಯದಲ್ಲಿ ಇದು ಸಣ್ಣ ಕೊರತೆಯಲ್ಲ.

ಚಂದಾ ಇಲ್ಲದವರಿಗೂ ದಾರಿಗಳಿವೆ. ಭೌತವಿಜ್ಞಾನಿ ಪಾಲ್ ಗಿನ್ಸ್‌ಪಾರ್ಗ್ 1991ರಲ್ಲಿ ಶುರುಮಾಡಿದ 'ಆರ್ಕೈವ್' ಮುಕ್ತ ಪ್ರಕಟಣೆಯ ದಾರಿ ತೆರೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ವಿಜ್ಞಾನಿಗಳ ಪ್ರಬಂಧಗಳಿಗೆ 2002ರಲ್ಲಿ ಸ್ವಂತ ಮುಕ್ತ ಭಂಡಾರ ತೆರೆಯಿತು, ದೇಶದಲ್ಲೇ ಮೊದಲ ಪ್ರಯತ್ನಗಳಲ್ಲಿ ಅದು ಒಂದು. ಮುಕ್ತ ಪತ್ರಿಕೆಗಳ ಪಟ್ಟಿಗೆ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ 2003ರಲ್ಲಿ ಹುಟ್ಟಿದ 'ಡಿಒಎಜೆ' ಇದೆ. ಲೇಖನದ ಉಚಿತ ಪ್ರತಿ ಎಲ್ಲಿದೆ ಎಂದು ತಾನೇ ಹುಡುಕಿಕೊಡುವ 'ಅನ್‌ಪೇವಾಲ್' ಇದೆ. ಏನೂ ಸಿಗದಿದ್ದರೆ ದೆಹಲಿಯ ಡೆಲ್‌ನೆಟ್ ಜಾಲದ ಮೂಲಕ ಬೇರೆ ಗ್ರಂಥಾಲಯದಿಂದ ಪ್ರತಿ ತರಿಸಿಕೊಡುವಂತೆ ಕಾಲೇಜಿನ ಗ್ರಂಥಪಾಲಕರನ್ನು ಕೇಳಬಹುದು. ಗ್ರಂಥಪಾಲಕರ ಮೇಜಿನ ಬಳಿ ಹೋಗಿ ಕೇಳುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ತೀರ ಕಡಿಮೆ. ಅದರಿಂದ ಆಗುವ ನಷ್ಟ ಮಾತ್ರ ಬಹಳ.

ಭಾರತೀಯ ವಿಷಯಗಳಿಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಭಂಡಾರ ಶೋಧಗಂಗಾ. ಮಹಾಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಬೇಕೆಂದು ಧನಸಹಾಯ ಆಯೋಗದ 2009ರ ನಿಯಮ ಹೇಳಿದ ಮೇಲೆ ಬೆಳೆದ ಇಲ್ಲಿ ಈಗ 5 ಲಕ್ಷಕ್ಕೂ ಹೆಚ್ಚು ಮಹಾಪ್ರಬಂಧಗಳಿವೆ. ಕೋಲಾರದ ಕೆರೆಗಳಂಥ ವಿಷಯದಲ್ಲಿ ವಿದೇಶಿ ಡೇಟಾಬೇಸಿನಲ್ಲಿ ಸಿಗದ ಕ್ಷೇತ್ರಕಾರ್ಯದ ವಿವರ, ಊರುಗಳ ಪಟ್ಟಿ, ಪ್ರಶ್ನಾವಳಿಗಳು ಇಲ್ಲಿ ಸಿಗುತ್ತವೆ. ಗುಣಮಟ್ಟ ಏರುಪೇರು. ಆದರೆ ಹಿಂದಿನವರು ಯಾವ ಪ್ರಶ್ನೆ ಕೇಳಿದ್ದಾರೆ, ಯಾವುದನ್ನು ಕೇಳಿಲ್ಲ ಎಂದು ತಿಳಿಯಲು ಇದಕ್ಕಿಂತ ನೇರವಾದ ಜಾಗ ಇನ್ನೊಂದಿಲ್ಲ.

ಇಷ್ಟರವರೆಗಿನ ಮಾತೆಲ್ಲ ಇಂಗ್ಲಿಷ್ ಬರಹಕ್ಕೆ ಸಲ್ಲುತ್ತದೆ. ಕನ್ನಡದಲ್ಲಿ ಬರೆದದ್ದನ್ನು ಹುಡುಕಹೊರಟರೆ ಅದೇ ಯಂತ್ರಗಳು ಕಣ್ಣು ಕಾಣದಂತೆ ತಡವರಿಸುತ್ತವೆ. ಅದಕ್ಕೆ ಮೊದಲ ಕಾರಣ ಅಕ್ಷರಗಳ ಸಂಕೇತ. ಯೂನಿಕೋಡ್ ವ್ಯಾಪಕವಾಗುವ ಮುಂಚೆ ಹಳೆಯ ನುಡಿ, ಬರಹ ಮುಂತಾದ ತಂತ್ರಾಂಶಗಳ ಅಕ್ಷರವಿನ್ಯಾಸದಲ್ಲಿ ಟೈಪಾದ ಕಡತ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ರಾಶಿಯಾಗಿಯೇ ಇರುತ್ತದೆ. ಹಾಗೆ ಟೈಪಾಗಿ ಪಿಡಿಎಫ್ ಆದ ಮಹಾಪ್ರಬಂಧದಲ್ಲಿ 'ಕೆರೆ' ಎಂಬ ಪದ ನೂರು ಸಲ ಬಂದಿದ್ದರೂ ಶೋಧಯಂತ್ರಕ್ಕೆ ಅದು ಒಂದು ಸಲವೂ ಸಿಗದು. ಸ್ಕ್ಯಾನ್ ಮಾಡಿದ ಪುಟಗಳದು ಇನ್ನೊಂದು ಕಥೆ. ಅವು ಬರಿಯ ಚಿತ್ರಗಳು. ಅಕ್ಷರ ಗುರುತಿಸುವ ತಂತ್ರಾಂಶ ಕನ್ನಡವನ್ನು ಓದಬಲ್ಲುದಾದರೂ ಹಳೆಯ ಅಚ್ಚಿನ ಮೊಳೆಗಳಲ್ಲಿ, ಒತ್ತಕ್ಷರಗಳಲ್ಲಿ ಎಡವುತ್ತದೆ.

ಎರಡನೆಯದು ಭಾಷೆಯ ಸ್ವಭಾವವೇ. ಕೆರೆ, ಕೆರೆಯ, ಕೆರೆಗೆ, ಕೆರೆಯಲ್ಲಿ, ಕೆರೆಗಳಿಂದ, ಕೆರೆಗಳನ್ನು, ಕೆರೆಯೇರಿ: ಕನ್ನಡದಲ್ಲಿ ವಿಭಕ್ತಿ ಪದಕ್ಕೆ ಅಂಟಿಕೊಳ್ಳುತ್ತದೆ, ಸಂಧಿ ಪದದ ಗಡಿಯನ್ನೇ ಅಳಿಸುತ್ತದೆ. ಇಂಗ್ಲಿಷಿನ ಏಕವಚನ ಬಹುವಚನಗಳನ್ನು ತಾನಾಗಿ ಹೊಂದಿಸಿಕೊಳ್ಳುವ ಯಂತ್ರ ಇಲ್ಲಿ ಪ್ರತಿ ರೂಪವನ್ನೂ ಬೇರೆ ಪದವೆಂದು ತಿಳಿಯುವುದು ಹೆಚ್ಚು. ಆದ್ದರಿಂದ ಕನ್ನಡದಲ್ಲಿ ಹುಡುಕುವಾಗ ಮುಖ್ಯ ಪದದ ನಾಲ್ಕೈದು ರೂಪಗಳನ್ನಾದರೂ ಪ್ರತ್ಯೇಕವಾಗಿ ಹಾಕಿ ನೋಡಬೇಕು.

ಮೂರನೆಯದು ಇಂಗ್ಲಿಷಿನಲ್ಲಿ ಕನ್ನಡದ ಹೆಸರುಗಳ ಕಾಗುಣಿತ. ಚಿಕ್ಕಬಳ್ಳಾಪುರವನ್ನು ರೋಮನ್ ಲಿಪಿಯಲ್ಲಿ ನಾಲ್ಕು ಬಗೆಯಲ್ಲಾದರೂ ಬರೆದಿದ್ದಾರೆ. ವಿದ್ವಾಂಸರ ಲಿಪ್ಯಂತರಣದಲ್ಲಿ 'ವಚನ' ಪದದ ಚಕಾರಕ್ಕೆ ಒಂದೇ ಅಕ್ಷರ, ಬಳಕೆಯ ಬರವಣಿಗೆಯಲ್ಲಿ ಎರಡು. ಒಂದರಲ್ಲಿ ಹುಡುಕಿದರೆ ಇನ್ನೊಂದು ತಪ್ಪಿಹೋಗುತ್ತದೆ. ಇದರ ಮೇಲೆ ಆಡಳಿತದ ಬದಲಾವಣೆಗಳು. 1973ಕ್ಕೆ ಮುಂಚೆ ರಾಜ್ಯದ ಹೆಸರೇ ಮೈಸೂರು, ಆ ಕಾಲದ ಬರಹ ಕರ್ನಾಟಕ ಎಂದು ಕೇಳಿದರೆ ಬಾರದು. 2014ರಲ್ಲಿ ಹಲವು ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು, ಹಾಗಾಗಿ ಹಳೆಯದೂ ಹೊಸದೂ ಎರಡೂ ಬೇಕು. ಚಿಕ್ಕಬಳ್ಳಾಪುರ 2007ರಲ್ಲಿ ಕೋಲಾರದಿಂದ ಬೇರೆ ಜಿಲ್ಲೆಯಾಯಿತು. ಅದಕ್ಕೆ ಹಿಂದಿನ 'ಕೋಲಾರ ಜಿಲ್ಲೆಯ ಕೆರೆಗಳ ಸಂಖ್ಯೆ' ಇಂದಿನ ಎರಡು ಜಿಲ್ಲೆಗಳದ್ದು. ಇದನ್ನು ಗಮನಿಸದೆ ಹಿಂದಿನ ಅಂಕಿಯನ್ನೂ ಇಂದಿನ ಅಂಕಿಯನ್ನೂ ಪಕ್ಕಪಕ್ಕ ಇಟ್ಟರೆ ನೂರಾರು ಕೆರೆಗಳು ಇದ್ದಕ್ಕಿದ್ದಂತೆ ಮಾಯವಾದಂತೆ ಕಾಣುತ್ತದೆ, ಪ್ರಬಂಧದ ತೀರ್ಮಾನವೇ ತಲೆಕೆಳಗಾಗುತ್ತದೆ.

ಕನ್ನಡದ ವಿದ್ವತ್ ಪತ್ರಿಕೆಗಳ ಮಾತು ಬೇರೆಯೇ ಹೇಳಬೇಕು. 1916ರಿಂದ ಬಂದ ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ, 1919ರಿಂದ ಬಂದ 'ಪ್ರಬುದ್ಧ ಕರ್ನಾಟಕ' ಇಂಥವುಗಳಲ್ಲಿ ನಾಡಿನ ಇತಿಹಾಸ, ಶಾಸನ, ಜಾನಪದಗಳ ಬಗ್ಗೆ ಇರುವ ಸಾಮಗ್ರಿಗೆ ಸ್ಕೋಪಸ್‌ನಲ್ಲಾಗಲಿ ವೆಬ್ ಆಫ್ ಸೈನ್ಸ್‌ನಲ್ಲಾಗಲಿ ಜಾಗವಿಲ್ಲ. ಅಲ್ಲಿ ಇಲ್ಲವೆಂದ ಮಾತ್ರಕ್ಕೆ ಅವುಗಳನ್ನು ಸಮೀಕ್ಷೆಯಿಂದ ಬಿಡುವುದು ಶಾಸ್ತ್ರೀಯ ಶಿಸ್ತಲ್ಲ, ಅಜ್ಞಾನ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಾವಿರಾರು ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಿವೆ. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಸಂಪುಟಗಳು ಅಲ್ಲಿಯೇ ಸಿಗುತ್ತವೆ. ಅದರ ಹತ್ತನೆಯ ಸಂಪುಟ, 1905ರದು, ಕೋಲಾರ ಜಿಲ್ಲೆಯ ಶಾಸನಗಳಿಗೇ ಮೀಸಲು. ಇಂಥ ಪುಸ್ತಕದಲ್ಲಿ ಯಂತ್ರಶೋಧಕ್ಕಿಂತ ಕೊನೆಯಲ್ಲಿರುವ ಅಚ್ಚಿನ ಸೂಚಿಯೇ ಹೆಚ್ಚು ನಂಬಿಕಸ್ಥ.

ಸಿಕ್ಕಿದ್ದನ್ನೆಲ್ಲ ನಂಬುವಂತೆಯೂ ಇಲ್ಲ. ಹಣ ತೆಗೆದುಕೊಂಡು ಯಾವ ತಜ್ಞವಿಮರ್ಶೆಯೂ ಇಲ್ಲದೆ ಪ್ರಕಟಿಸುವ ಪತ್ರಿಕೆಗಳ ಲೇಖನಗಳು ಸ್ಕಾಲರ್‌ನಲ್ಲಿ ಒಳ್ಳೆಯವುಗಳ ಪಕ್ಕದಲ್ಲೇ ಕಾಣಿಸುತ್ತವೆ. ಇವನ್ನು ತಡೆಯಲು ಧನಸಹಾಯ ಆಯೋಗ 2019ರಲ್ಲಿ ತಂದ 'ಕೇರ್' ಪಟ್ಟಿಯನ್ನು 2025ರಲ್ಲಿ ಕೈಬಿಡಲಾಯಿತು. ತೂಗಿ ನೋಡುವ ಹೊಣೆ ಈಗ ಸಂಸ್ಥೆಗಳ ಮತ್ತು ಓದುಗರ ಮೇಲೆ ಬಿದ್ದಿದೆ. ಸಂಪಾದಕ ಮಂಡಳಿಯಲ್ಲಿರುವವರು ನಿಜವಾಗಿ ಆ ವಿಷಯದವರೇ, ಲೇಖನ ಸಲ್ಲಿಸಿದ ದಿನಕ್ಕೂ ಒಪ್ಪಿದ ದಿನಕ್ಕೂ ನಂಬುವಷ್ಟು ಅಂತರವಿದೆಯೇ ಎಂದು ನೋಡಿದರೆ ಸಾಕಷ್ಟು ತಿಳಿಯುತ್ತದೆ. ಒಳ್ಳೆಯ ಪತ್ರಿಕೆಯ ಲೇಖನವೂ ಹಿಂತೆಗೆದದ್ದಾಗಿರಬಹುದು. ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ಲೇಖನವನ್ನು 'ಲ್ಯಾನ್ಸೆಟ್' ಪೂರ್ತಿಯಾಗಿ ಹಿಂಪಡೆದದ್ದು 2010ರಲ್ಲಿ, ಹನ್ನೆರಡು ವರ್ಷಗಳ ನಂತರ. ಹಿಂಪಡೆದ ಲೇಖನಗಳ 'ರಿಟ್ರಾಕ್ಷನ್ ವಾಚ್' ಪಟ್ಟಿ 2023ರಿಂದ ಎಲ್ಲರಿಗೂ ಉಚಿತವಾಗಿದೆ.

ಈಚೆಗೆ ಬಂದ ಅಪಾಯ ಕೃತಕ ಬುದ್ಧಿಮತ್ತೆಯ ಸಂವಾದಯಂತ್ರಗಳದು. ವಿಷಯಕ್ಕೆ ಎಷ್ಟು ಹೆಸರುಗಳಿವೆ ಎಂದು ಯೋಚಿಸಲು ಅವು ನಿಜಕ್ಕೂ ಸಹಾಯ ಮಾಡುತ್ತವೆ. ಆಧಾರಗ್ರಂಥಗಳ ಪಟ್ಟಿ ಕೇಳಿದರೆ ಮಾತ್ರ ಇಲ್ಲದ ಲೇಖನಕ್ಕೆ ಇರುವ ಲೇಖಕರ ಹೆಸರಿಟ್ಟು, ಸಂಪುಟ, ಪುಟ ಸಮೇತ ಕೊಡಬಲ್ಲವು. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದರಲ್ಲಿ ಹೀಗೆ ಯಂತ್ರ ಹುಟ್ಟಿಸಿದ ತೀರ್ಪುಗಳನ್ನು ನಂಬಿ ಸಲ್ಲಿಸಿದ ವಕೀಲರಿಗೆ 5000 ಡಾಲರ್ ದಂಡ ಬಿತ್ತು. ಯಂತ್ರ ಕೊಟ್ಟ ಯಾವ ಉಲ್ಲೇಖವನ್ನೂ ಮೂಲ ಪುಟ ಕಣ್ಣಾರೆ ಕಾಣದೆ ಪ್ರಬಂಧಕ್ಕೆ ಸೇರಿಸಬಾರದು. ಇದರಲ್ಲಿ ವಿನಾಯಿತಿ ಇಲ್ಲ.

ಹುಡುಕಾಟದ ದಿನಚರಿ ಇಡುವವರು ಕಡಿಮೆ, ಇಟ್ಟವರು ಪಶ್ಚಾತ್ತಾಪ ಪಡುವುದಿಲ್ಲ. ಯಾವ ದಿನ, ಯಾವ ಡೇಟಾಬೇಸಿನಲ್ಲಿ, ಯಾವ ಶೋಧವಾಕ್ಯ ಹಾಕಿದಾಗ ಎಷ್ಟು ಸಿಕ್ಕವು, ಎಷ್ಟನ್ನು ಏಕೆ ಬಿಡಲಾಯಿತು ಎಂಬ ನಾಲ್ಕು ಸಾಲು ಸಾಕು. ವೈದ್ಯಕೀಯದ ಕ್ರಮಬದ್ಧ ಸಮೀಕ್ಷೆಗಳಲ್ಲಿ 'ಪ್ರಿಸ್ಮಾ' ಮಾರ್ಗಸೂಚಿ ಇದನ್ನೇ ಕೇಳುತ್ತದೆ. ಲೇಖನಗಳನ್ನು ಜೋಡಿಸಿಡಲು ಜೊಟೆರೊ ಎಂಬ ಉಚಿತ ತಂತ್ರಾಂಶ ಇದೆ, ಕನ್ನಡ ಯೂನಿಕೋಡನ್ನೂ ಅದು ಸರಿಯಾಗಿ ಇಟ್ಟುಕೊಳ್ಳುತ್ತದೆ.

ಕೊನೆಗೆ, ಯಾವ ಡೇಟಾಬೇಸಿನಲ್ಲೂ ಇರದ ಸಾಮಗ್ರಿ. ವಿಶ್ವಬ್ಯಾಂಕ್ ನೆರವಿನಿಂದ 2002ರಲ್ಲಿ ಆರಂಭವಾದ ಸಮುದಾಯ ಆಧಾರಿತ ಕೆರೆ ಅಭಿವೃದ್ಧಿ ಯೋಜನೆಯ ವರದಿಗಳಲ್ಲಿ ಕೆಲವು ಬ್ಯಾಂಕಿನ ತಾಣದಲ್ಲಿ ಸಿಗುತ್ತವೆ. ಜಿಲ್ಲಾ ಗೆಜೆಟಿಯರ್‌ಗಳು ಸ್ಕ್ಯಾನ್ ಆಗಿವೆ. ಬೆಂಗಳೂರಿನ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ, ರಾಜ್ಯ ಪತ್ರಾಗಾರದಲ್ಲಿ ಇರುವುದರ ಬಹುಭಾಗವನ್ನು ಅಲ್ಲಿಗೇ ಹೋಗಿ, ಚೀಟಿ ಬರೆದು ತರಿಸಿಕೊಂಡು ನೋಡಬೇಕು. ಕೆರೆಯ ಅಚ್ಚುಕಟ್ಟು ಎಷ್ಟು, ತೂಬು ಎಷ್ಟು, ನೀರು ಹಂಚುವ ನೀರುಗಂಟಿಯ ಇನಾಮು ಯಾವ ಸರ್ವೆ ನಂಬರಿನಲ್ಲಿತ್ತು ಎಂಬ ವಿವರ ಗ್ರಾಮದ ನಕ್ಷೆಯಲ್ಲೂ ತಾಲ್ಲೂಕು ಕಚೇರಿಯ ದಾಖಲೆ ಕೋಣೆಯ ಕೈಬರಹದ ವಹಿಗಳಲ್ಲೂ ಇದೆ. ಅವುಗಳನ್ನು ಓದಲು ಬೇಕಾದ ಪದಗಳು ಮತ್ತೆ ಬೇರೆ: ಕೋಡಿ, ಏರಿ, ತೂಬು, ಅಂಗಳ, ಕಟ್ಟುಕಾಲುವೆ. ಅವನ್ನು ಹೇಳಿಕೊಡುವವರು ಆ ಊರಿನ ಹಳೆಯ ನೀರುಗಂಟಿಗಳು.